ದೊಡ್ಡ ಟಿ.ವಿ.ಯಲ್ಲಿ ಕುಂಟಿದ ಬೀಗರು

ಸಾಗರದಲ್ಲಿ ನಮ್ಮ ಪಕ್ಕದ ಮನೆಯ ಶೇಷಪ್ಪನವರು ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುವ ಕೆಲಸದಿಂದ ನಿವೃತ್ತರಾದವರು. ನಿಂತದ್ದು ಸಂಬಳ ಮಾತ್ರ. ತಪಾಸಣೆ ಇನ್ನೂ ನಡೆಯುತ್ತಲೇ ಇದೆ. ಹಾಲಿನವನು ಬಂದರೆ ಹಾಲಿಗಿಂತ ಮೊದಲು ಅವನ ಮುಖ ನೋಡುತ್ತಾರೆ. ನಾನು ಬೆಳಿಗ್ಗೆ ಗೇಟು ತೆಗೆದು ಹೊರಟರೆ ಎಲ್ಲಿಗೆ, ಯಾಕೆ ಎಂದು ಕೇಳಿ, ಉತ್ತರ ಕೊಟ್ಟ ಮೇಲೂ ಒಂದು ಗಳಿಗೆ ನನ್ನ ಕಣ್ಣನ್ನೇ ದಿಟ್ಟಿಸಿ, ಆಮೇಲೆ ಬಿಡುತ್ತಾರೆ. ನಾನು ಜೀವವಿಮೆ ಏಜೆಂಟ್. ಊರಿನವರೆಲ್ಲ ನನ್ನನ್ನು ಕಂಡು ರಸ್ತೆ ದಾಟುತ್ತಾರೆ. ನಾನು ಶೇಷಪ್ಪನವರನ್ನು ಕಂಡು ದಾಟುತ್ತೇನೆ.

ಇಂಥ ಶೇಷಪ್ಪನವರು ಒಂದು ಸ್ಮಾರ್ಟ್ ಟಿ.ವಿ. ತಂದರು. ಅದು ಬಾಗಿಲಲ್ಲಿ ನೇರವಾಗಿ ಹಿಡಿಸದೆ, ಓರೆ ಮಾಡಿ, ಬಗ್ಗಿಸಿ, ಮನೆಗೆ ಹೊಸ ಸೊಸೆಯನ್ನು ಕರೆತರುವಷ್ಟು ಜೋಪಾನವಾಗಿ ಒಳಗೆ ತಂದದ್ದಾಯಿತು. ಗೋಡೆಗೆ ಏರಿಸಿದ ಮೇಲೆ ಆ ಗೋಡೆಯಲ್ಲಿದ್ದ ದೇವರ ಪಟ, ಕ್ಯಾಲೆಂಡರು, ಶೇಷಪ್ಪನವರಿಗೆ ಶಾಲು ಹೊದಿಸಿದ ಫೋಟೋ ಎಲ್ಲವೂ ಬೇರೆ ಗೋಡೆಗಳಿಗೆ ವರ್ಗವಾದವು. ನಮ್ಮ ಅಡುಗೆಮನೆಯ ಕಿಟಕಿಯಿಂದ ನೋಡಿದರೂ ಅದರಲ್ಲಿ ಬರುವ ಅಕ್ಷರ ಓದಬಹುದು. ಅಂದಿನಿಂದ ನನ್ನ ಹೆಂಡತಿ ಕಾಯಿ ತುರಿಯುವ ಕೆಲಸವನ್ನು ಕಿಟಕಿಯ ಬಳಿಗೆ ಬದಲಾಯಿಸಿಕೊಂಡಿದ್ದಾಳೆ.

ಟಿ.ವಿ. ಬಂದ ದಿನವೇ ಶೇಷಪ್ಪನವರು ಕನ್ನಡಕ ಏರಿಸಿ ಅದರ ಸೆಟ್ಟಿಂಗ್ಸ್ ಒಳಗೆ ಹೊಕ್ಕರು. ಪೆನ್‌ಡ್ರೈವ್ ಚುಚ್ಚಿ ವಿಡಿಯೋ ನೋಡುವುದಕ್ಕೆ ಅದರಲ್ಲಿ ಒಂದು ಪ್ಲೇಯರ್ ಇತ್ತು. ವಿಡಿಯೋ ಬಿಡಿಸಿ ತೋರಿಸುವ ಕೆಲಸವನ್ನು ಹಾರ್ಡ್‌ವೇರ್‌ಗೆ ವಹಿಸಬೇಕೋ ಸಾಫ್ಟ್‌ವೇರ್‌ಗೆ ವಹಿಸಬೇಕೋ ಎಂದು ಆ ಪ್ಲೇಯರ್ ಕೇಳಿತಂತೆ. ಶೇಷಪ್ಪನವರು ಸಾಫ್ಟ್‌ವೇರ್ ಎಂದು ಒತ್ತಿದರು. ಯಾಕೆಂದು ಕಾಂಪೌಂಡ್ ಗೋಡೆಯ ಮೇಲಿಂದ ನನಗೂ ವಿವರಿಸಿದರು.

“ನೋಡಿ ಏಜೆಂಟ್ರೆ, ಹಾರ್ಡ್‌ವೇರ್ ಅಂದ್ರೆ ಎಂತ? ಬಿಡಿಭಾಗ. ದುಡಿಸಿದ್ರೆ ಸವೀತದೆ. ನಮ್ಮ ಡಿಪೋದಲ್ಲಿ ಗಾಡಿಗಳೆಲ್ಲ ಸವೆದು ಸವೆದೇ ಗುಜರಿಗೆ ಹೋದ್ವು. ಸಾಫ್ಟ್‌ವೇರಲ್ಲಿ ಸವೆಯಕ್ಕೆ ಎಂತದೂ ಇಲ್ಲ. ಅದನ್ನ ದುಡಿಸಿ, ಇದಕ್ಕೆ ರಜ ಕೊಟ್ಟಿದೀನಿ.”

ಇದರಲ್ಲಿ ತಪ್ಪು ಹುಡುಕುವ ವಿದ್ಯೆ ನನ್ನ ಬಳಿ ಇರಲಿಲ್ಲ. ತಲೆ ಆಡಿಸಿ ಒಳಗೆ ಹೋದೆ.

ಆ ಹೊತ್ತಿಗೆ ಅವರ ಮಗಳು ತನುಜಾಳ ಮದುವೆಯ ಮಾತು ಎದ್ದಿತ್ತು. ತನುಜಾ ತೀರ್ಥಹಳ್ಳಿಯಲ್ಲಿ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಹುಡುಗ ಶಿವರಾಮ, ಅದೇ ಊರಿನ ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು. ಶಾಲೆಯ ಮಕ್ಕಳನ್ನು ರಕ್ತದ ಗುಂಪು ನೋಡಿಸಲು ಕರೆತಂದವನು, ಮಕ್ಕಳಿಗೆ ಧೈರ್ಯ ಬರಲೆಂದು ಮೊದಲು ತನ್ನ ಬೆರಳನ್ನೇ ಚಾಚಿ, ಸೂಜಿ ಕಂಡ ಕೂಡಲೇ ಬೆಂಚಿನ ಮೇಲೆ ಕುಸಿದನಂತೆ. ತನುಜಾ ಮುಖಕ್ಕೆ ನೀರು ಚಿಮುಕಿಸಿದಳು. ಮುಂದಿನದನ್ನು ಹಿರಿಯರು ನೋಡಿಕೊಂಡರು. ಹುಡುಗನ ಮನೆ ಹೊಸನಗರ ತಾಲ್ಲೂಕಿನ ನಿಟ್ಟೂರಿನ ಹತ್ತಿರ. ಅಪ್ಪ ಭೂತಪ್ಪ, ತಾಯಿ ಯಮುನಮ್ಮ. ಇಬ್ಬರೂ ಸಾಗರಕ್ಕೆ ಬಂದು, ಹುಡುಗಿಯನ್ನು ನೋಡಿ, ಅವಲಕ್ಕಿ ತಿಂದು, ಒಪ್ಪಿ ಹೋಗಿದ್ದರು.

ಉಳಿದದ್ದು ಒಂದೇ ಶಾಸ್ತ್ರ. ಅವರ ಪೈಕಿಯಲ್ಲಿ ಹುಡುಗಿ ಕೊಡುವ ಮನೆಯನ್ನು ಹೆಣ್ಣಿನ ಕಡೆಯ ಹಿರಿತಲೆ ಕಣ್ಣಾರೆ ಕಂಡು, ‘ಆಗಬಹುದು’ ಎಂದರೇ ಮದುವೆಯ ದಿನ ಗೊತ್ತಾಗುವುದು. ಹಿರಿತಲೆ ಎಂದರೆ ಶೇಷಪ್ಪನವರ ತಾಯಿ ಕೆರಿಯಮ್ಮ. ಮಗ ಜೀವಮಾನವಿಡೀ ಬಸ್ಸಿನಲ್ಲೇ ಕಳೆದರೂ ಕೆರಿಯಮ್ಮನಿಗೆ ವಾಹನದ ವಾಸನೆ ಬಂದರೆ ಹೊಟ್ಟೆ ತೊಳಸುತ್ತದೆ. ನಿಟ್ಟೂರಿನ ತಿರುವುಗಳ ಹೆಸರು ಹೇಳಿದ್ದಕ್ಕೇ ಒಂದು ಲಿಂಬೆಹಣ್ಣು ಮೂಸಿದರು. ಕೊನೆಗೆ ಶಿವರಾಮನೇ ಉಪಾಯ ಹೇಳಿದ. ಮನೆಯನ್ನೆಲ್ಲ ಫೋನಿನಲ್ಲಿ ವಿಡಿಯೋ ಮಾಡಿ ಕಳಿಸುತ್ತೇನೆ, ಅಜ್ಜಿ ದೊಡ್ಡ ಟಿ.ವಿ.ಯಲ್ಲಿ ನೋಡಲಿ ಎಂದ. ಶೇಷಪ್ಪನವರಿಗೆ ಇದಕ್ಕಿಂತ ಸಂತೋಷದ ಮಾತು ಬೇರೆ ಇರಲಿಲ್ಲ. ಕೇರಿಗೆಲ್ಲ ಹೇಳಿ ಕಳಿಸಿದರು. ನಾನು ಹೋದೆ. ನನ್ನ ಹೆಂಡತಿ ಕಿಟಕಿ ಬಿಟ್ಟು ಒಳಗೆ ಬಂದು ಕುಳಿತಳು.

ಪೆನ್‌ಡ್ರೈವ್ ಚುಚ್ಚಿದ್ದೇ ವಿಡಿಯೋ ಶುರುವಾಯಿತು. ಶಿವರಾಮನ ದನಿ ಕಟ್ಟೆ, ಅಂಗಳ, ಬಾವಿ ಎಂದು ಹೇಳುತ್ತಾ ಹೋಗುತ್ತಿತ್ತು. ಭೂತಪ್ಪನವರು ದಾರಿ ತೋರಿಸುತ್ತಾ ಮುಂದೆ ನಡೆದರು. ಎಡಗಾಲು ಎತ್ತಿದರು. ಆ ಕಾಲು ಗಾಳಿಯಲ್ಲೇ ನಿಂತಿತು. ನಾವೆಲ್ಲ ಅದು ಕೆಳಗಿಳಿಯಲಿ ಎಂದು ಕಾಯುತ್ತಿದ್ದಂತೆ ಭೂತಪ್ಪನವರು ಸರಕ್ಕನೆ ಬಾವಿಯ ಹತ್ತಿರ ಬಲಗಾಲು ಎತ್ತಿಕೊಂಡು ನಿಂತಿದ್ದರು. ಹಿಂದೆ ಯಮುನಮ್ಮ ಕೊಡ ಹಿಡಿದು ಬಂದರು; ಒಂದು ಜೋಲಿ, ಒಂದು ನಿಲುವು, ಒಂದು ಕುಪ್ಪಳಿಕೆ. ಕೊಟ್ಟಿಗೆಯಿಂದ ಕೆಂಪಿ ಎಂಬ ದನವನ್ನು ಹೊರಗೆ ಬಿಟ್ಟರು. ಅದೂ ಕಾಲು ಎತ್ತಿ, ತಡೆದು, ಎಡವಿ, ಜಿಗಿದು ನಡೆಯಿತು. ಕೊನೆಗೆ ಬಂದ ಎರಡು ಕೋಳಿಗಳ ನಡಿಗೆಯೂ ಸರಿ ಇರಲಿಲ್ಲ.

ವಿಡಿಯೋ ಮುಗಿಯಿತು. ಕೆರಿಯಮ್ಮನೇ ಮೊದಲು ಬಾಯಿ ಬಿಟ್ಟರು.

“ಮನೆ ಚೆನಾಗ್ ಉಂಟು. ಬಾವಿ ಚೆನಾಗ್ ಉಂಟು. ಆದ್ರೆ ಶೇಷಪ್ಪ, ಮನೆಯೋರೆಲ್ಲ ಕುಂಟ್ತಾರಲ್ಲ ಮಾರಾಯ. ದನ ಸೈತ.”

ಶೇಷಪ್ಪನವರ ತಪಾಸಣೆಯ ಕಣ್ಣು ಅಷ್ಟರಲ್ಲಿ ಕಿರಿದಾಗಿತ್ತು. ಬಂದಿದ್ದಾಗ ಭೂತಪ್ಪನವರು ಕಾರಿನಿಂದ ಇಳಿದದ್ದನ್ನು ಯಾರಾದರೂ ನೋಡಿದ್ದೀರಾ ಎಂದು ಕೇಳಿದರು. ಯಾರೂ ನೋಡಿರಲಿಲ್ಲ. ಬಂದವರು ಕುರ್ಚಿಯಲ್ಲಿ ಕುಳಿತದ್ದು ಕುಳಿತ ಹಾಗೇ ಇದ್ದರು ಎಂದು ಶೇಷಪ್ಪನವರ ಹೆಂಡತಿ ಬಂಗಾರಮ್ಮ ನೆನಪು ಮಾಡಿಕೊಂಡರು. ಕೈ ತೊಳೆಯಲು ಎದ್ದಾಗ ಯಮುನಮ್ಮ ಗೋಡೆ ಹಿಡಿದಿದ್ದರು ಎಂದು ನನ್ನ ಹೆಂಡತಿ ಸೇರಿಸಿದಳು. ಅವಳು ಆ ದಿನ ಅಲ್ಲಿರಲೇ ಇಲ್ಲ, ಆದರೂ ಎಲ್ಲರೂ ಅದನ್ನು ಒಪ್ಪಿಕೊಂಡರು.

ಟಿ.ವಿ.ಯಲ್ಲೇ ಏನಾದರೂ ಐಬು ಇರಬಹುದೇ ಎಂದು ನಾನು ಮೆಲ್ಲಗೆ ಕೇಳಿದೆ. ಶೇಷಪ್ಪನವರು ರಿಮೋಟು ಒತ್ತಿ ಧಾರಾವಾಹಿ ಹಾಕಿದರು. ಅದರಲ್ಲಿ ಅತ್ತೆ ಸೊಸೆ ಇಬ್ಬರೂ ಚೆನ್ನಾಗಿ ನಡೆಯುತ್ತಿದ್ದರು. ಕ್ರಿಕೆಟ್ ಹಾಕಿದರು. ಅಲ್ಲಿ ಓಡುತ್ತಲೂ ಇದ್ದರು. ಅದೇ ವಿಡಿಯೋವನ್ನು ಮೊಬೈಲಿನಲ್ಲಿ ಹಾಕಿದಾಗ ಭೂತಪ್ಪನವರು ಎಲ್ಲರ ಹಾಗೆ ನಡೆದರು. ಅದಕ್ಕೂ ಶೇಷಪ್ಪನವರ ಬಳಿ ಉತ್ತರ ಸಿದ್ಧವಿತ್ತು.

“ಮೊಬೈಲಲ್ಲಿ ಮನುಷ್ಯ ಬೆರಳಷ್ಟು ಕಾಣ್ತಾನೆ, ಅಷ್ಟ್ರಲ್ಲಿ ಕುಂಟು ಎಲ್ಲಿ ಗೊತ್ತಾಗ್ತದೆ? ದೊಡ್ದು ಮಾಡಿದ್ರೆ ತಾನೆ ಬಣ್ಣ ಬಯಲಾಗೋದು. ಮನುಷ್ಯರು ನಾಟಕ ಮಾಡ್ಬಹುದು ಏಜೆಂಟ್ರೆ. ದನಕ್ಕೆ ನಾಟಕ ಬರಲ್ಲ.”

ದನದ ಸಾಕ್ಷ್ಯಕ್ಕೆ ನಾನೂ ತಲೆಬಾಗಿದೆ. ಮನೆಮಂದಿಗೆಲ್ಲ ಇದೆ ಎಂದಮೇಲೆ ಅದು ವಂಶದ್ದಲ್ಲ, ನೀರಿನದ್ದೋ ನೆಲದ್ದೋ ಇರಬೇಕು, ಅಲ್ಲಿಗೆ ಹೋದವರಿಗೂ ಬರುತ್ತದೆ ಎಂದು ಬಂಗಾರಮ್ಮ ಕಣ್ಣೊರೆಸಿಕೊಂಡರು. ಆ ಸಂಜೆಯೇ ತೀರ್ಥಹಳ್ಳಿಗೆ ಫೋನು ಹೋಯಿತು. ಹುಡುಗ ಕುಂಟುತ್ತಾನೆಯೇ ಎಂದು ಅಪ್ಪ ಮಗಳನ್ನು ಕೇಳಿದರು. ಅವನು ಮಕ್ಕಳಿಗೆ ಎತ್ತರ ಜಿಗಿತ ಕಲಿಸುವ ಮೇಷ್ಟ್ರು ಎಂದು ಮಗಳು ಹೇಳಿದಳು. ಜಿಗಿತ ಎಂದ ಕೂಡಲೇ ಶೇಷಪ್ಪನವರು ನನ್ನ ಕಡೆ ಅರ್ಥಗರ್ಭಿತವಾಗಿ ನೋಡಿದರು. ವಿಡಿಯೋದಲ್ಲಿ ಎಲ್ಲರೂ ಮಾಡಿದ್ದು ಅದನ್ನೇ ಅಲ್ಲವೇ.

ಶೇಷಪ್ಪನವರು ಅಷ್ಟಕ್ಕೇ ಬಿಡುವ ಆಸಾಮಿಯಲ್ಲ. ಅವರ ತಂಗಿಯ ಮಗ ಶ್ರೀನಾಥ್ ಹೊಸನಗರದಲ್ಲಿ ಆರೋಗ್ಯ ಇಲಾಖೆಯ ಇನ್‌ಸ್ಪೆಕ್ಟರ್. ಅವನಿಗೆ ಫೋನು ಮಾಡಿ, ಬೀಗರ ಹೆಸರು ಎತ್ತದೆ, ನಿಟ್ಟೂರಿನ ಕಡೆ ಕಾಲಿಗೆ ಬರುವ ಕಾಯಿಲೆ ಏನಾದರೂ ಎದ್ದಿದೆಯೇ, ಇಂಥ ಮನೆಯಲ್ಲಿ ಒಮ್ಮೆ ನೋಡು ಎಂದರು. ಶ್ರೀನಾಥ್ ಕರ್ತವ್ಯದ ಮನುಷ್ಯ. ಕೀಲುನೋವು ಎಂದರೆ ಸೊಳ್ಳೆ, ಸೊಳ್ಳೆ ಎಂದರೆ ತನ್ನ ಇಲಾಖೆ ಎಂದು ಜೀಪಿನಲ್ಲಿ ಹೊಗೆಯ ಯಂತ್ರ ಹೇರಿಕೊಂಡು ಹೊರಟ.

ಭೂತಪ್ಪನವರ ಅಂಗಳಕ್ಕೆ ಸರ್ಕಾರಿ ಜೀಪು ಬಂತು. ನೀರಿನ ತೊಟ್ಟಿ ಮಗುಚಿ ನೋಡಿದರು. ಕೊಟ್ಟಿಗೆಗೆ ಹೊಗೆ ಬಿಟ್ಟರು. ಕೆಂಪಿ ಹಗ್ಗ ಕಿತ್ತುಕೊಂಡು ಗುಡ್ಡ ಹತ್ತಿತು. ಆಮೇಲೆ ಶ್ರೀನಾಥ್, ಮನೆಯವರೆಲ್ಲ ಬಾವಿಯಿಂದ ಕಟ್ಟೆಯವರೆಗೆ ನಡೆದು ತೋರಿಸಬೇಕು ಎಂದ. ಇದು ಯಾವುದೋ ಹೊಸ ಯೋಜನೆ ಇರಬೇಕು ಎಂದುಕೊಂಡ ಭೂತಪ್ಪನವರು ಎದೆ ಉಬ್ಬಿಸಿ ಪರೇಡು ಮಾಡಿದರು. ಯಮುನಮ್ಮ ಒಳಗೆ ಹೋಗಿ ಸೀರೆ ಬದಲಾಯಿಸಿ ಬಂದು ನಡೆದರು. ಹೇಗೆ ನಡೆಯಬೇಕೆಂದು ಶ್ರೀನಾಥ್ ತಾನೂ ಜೊತೆಯಲ್ಲಿ ನಡೆದು ತೋರಿಸಿದ. ಜೀಪಿನ ಡ್ರೈವರು ಇದನ್ನೆಲ್ಲ ಶ್ರೀನಾಥನ ಹೊಸ ಫೋನಿನಲ್ಲಿ ವಿಡಿಯೋ ಮಾಡಿದ. ಎಲ್ಲರ ಕಾಲೂ ಸರಿ ಇದೆ, ನೀವೇ ನೋಡಿ ಎಂದು ಬರೆದು ಶ್ರೀನಾಥ್ ಅದನ್ನು ಮಾವನಿಗೆ ಕಳಿಸಿದ.

ಕೇರಿಯವರು ಮತ್ತೆ ಸೇರಿದೆವು. ಪೆನ್‌ಡ್ರೈವ್ ಚುಚ್ಚಲಾಯಿತು. ಭೂತಪ್ಪನವರು ಕುಂಟಿದರು, ಅದು ಗೊತ್ತಿದ್ದದ್ದೇ. ಯಮುನಮ್ಮ ಹೊಸ ಸೀರೆಯಲ್ಲಿ ಕುಂಟಿದರು. ಅವರಿಬ್ಬರ ನಡುವೆ, ಇಲಾಖೆಯ ಗುರುತಿನ ಚೀಟಿಯನ್ನು ಕೊರಳಿಗೆ ಹಾಕಿಕೊಂಡು, ಶ್ರೀನಾಥನೂ ಕುಂಟುತ್ತಿದ್ದ.

“ಬೆಳಗ್ಗೆ ಸರಿ ಇದ್ದ ಹುಡುಗ,” ಎಂದರು ಬಂಗಾರಮ್ಮ.

ಶೇಷಪ್ಪನವರು ಶ್ರೀನಾಥನಿಗೆ ಫೋನು ಮಾಡಿ, ಮನಸ್ಸು ಗಟ್ಟಿ ಮಾಡಿಕೋ ಎಂದು ಪೀಠಿಕೆ ಹಾಕಿ ವಿಷಯ ತಿಳಿಸಿದರು. ಅವನು ನಕ್ಕನಂತೆ. ಆದರೆ ಮಧ್ಯಾಹ್ನದ ಊಟಕ್ಕೆ ಏಳುವಾಗ ಮಂಡಿಯಲ್ಲಿ ಏನೋ ಛಳಕು ಎನ್ನಿಸಿತಂತೆ. ಮರುದಿನ ಇನ್‌ಸ್ಪೆಕ್ಟರ್ ರಜೆಯಲ್ಲಿದ್ದರು.

ಭಾನುವಾರ ತನುಜಾ ತೀರ್ಥಹಳ್ಳಿಯಿಂದ ಬಂದಳು. ಚೀಲ ಇಡುವ ಮೊದಲೇ ಅಪ್ಪ ಈ ಸಂಬಂಧ ಬೇಡ ಎಂದರು. ಅವಳು ಎರಡು ವಿಡಿಯೋಗಳನ್ನೂ ಕೈಕಟ್ಟಿ ನಿಂತು ನೋಡಿದಳು. ರಕ್ತದ ಹನಿಯಲ್ಲಿ ಇಲ್ಲದ್ದನ್ನು ಇದೆ ಎನ್ನದವಳು. ಮನೆಯವರ ಮೇಲೆ ಮೊದಲ ಬಾರಿಗೆ ರೇಗಿದಳು.

“ಅಪ್ಪಯ್ಯ, ಅವ್ರು ಯಾರೂ ಕುಂಟಲ್ಲ. ಕುಂಟಿದ್ರೂ ನಾ ಅವ್ರನ್ನೇ ಆಗೋದು. ಕಾಲು ನೋಡಿ ಒಪ್ಪಿದ್ದಲ್ಲ ನಾನು.”

ಶೇಷಪ್ಪನವರು ತಲೆ ತಗ್ಗಿಸಿದರು. ಅವರಿಗೂ ಹುಡುಗ ಇಷ್ಟವೇ. ನೀನು ಎಲ್ಲೋ ಹೋಗಿ ನೋವು ತಿನ್ನುವುದು ನನ್ನಿಂದ ನೋಡಲಾಗುವುದಿಲ್ಲ ಎಂದು ಹೇಳಿದರು. ಆ ಮಾತಿಗೆ ತನುಜಾ ಮೆತ್ತಗಾದಳು. ಅಪ್ಪನನ್ನು ಜಗಲಿಗೆ ಕರೆದುಕೊಂಡು ಹೋಗಿ, ಈ ತುದಿಯಿಂದ ಆ ತುದಿಗೆ ನಡೆಯಿರಿ ಎಂದು ತನ್ನ ಫೋನಿನಲ್ಲಿ ವಿಡಿಯೋ ಮಾಡಿದಳು. ಅದನ್ನೇ ಟಿ.ವಿ.ಯಲ್ಲಿ ಹಾಕಿದಳು. ಅವಳ ಲೆಕ್ಕ ಸರಿಯಾಗಿತ್ತು. ಪರದೆಯ ಮೇಲೆ ಶೇಷಪ್ಪನವರು ಜಗಲಿಯ ಉದ್ದಕ್ಕೂ ತಡೆದು, ಜೋಲಿ ಹೊಡೆದು, ಕುಪ್ಪಳಿಸಿದರು.

ಇಷ್ಟಾದ ಮೇಲೆ ಯಾರಿಗಾದರೂ ಅರ್ಥವಾಗಬೇಕು. ತನುಜಾ ಗೆದ್ದ ಮುಖದಲ್ಲಿ ಅಪ್ಪನ ಕಡೆ ತಿರುಗಿದಳು. ಶೇಷಪ್ಪನವರು ಕುರ್ಚಿಯ ಕೈ ಹಿಡಿದು ನಿಧಾನವಾಗಿ ಕುಳಿತುಕೊಳ್ಳುತ್ತಿದ್ದರು.

“ನಂಗೂ ಬಂತು,” ಎಂದರು.

ಬಂಗಾರಮ್ಮ ಎಣ್ಣೆ ಕಾಯಿಸಲು ಓಡಿದರು. ಬೀಗರು ಬಂದಾಗ ಅವರ ಪಕ್ಕದಲ್ಲೇ ಕುಳಿತು ಅವಲಕ್ಕಿ ತಿಂದದ್ದು ತಪ್ಪಾಯಿತು ಎಂದು ಶೇಷಪ್ಪನವರು ಹಾಸಿಗೆ ಹಿಡಿದರು. ತನುಜಾ ಹೇಳಿದ್ದನ್ನು ಅವರು ಕೇಳಿಸಿಕೊಳ್ಳಲಿಲ್ಲ. ರೋಗಿಗೆ ಸಮಾಧಾನ ಹೇಳುವುದು ಮಕ್ಕಳ ಧರ್ಮ ಎಂದುಕೊಂಡರು. ನನ್ನನ್ನು ಕರೆಸಿ, ಕಾಲಿಗೆ ಮಾತ್ರ ವಿಮೆ ಸಿಗುತ್ತದೆಯೇ ಎಂದು ವಿಚಾರಿಸಿದರು. ಇಷ್ಟು ವರ್ಷ ನನ್ನಿಂದ ಒಂದು ಪಾಲಿಸಿ ತೆಗೆದುಕೊಳ್ಳದ ಮನುಷ್ಯ ತಾನಾಗಿ ಕೇಳಿದ್ದು ಅದೊಂದೇ ಸಲ. ಅಂಥದ್ದು ಇಲ್ಲ ಎಂದು ಹೇಳುವಾಗ ನನಗೆ ನಿಜಕ್ಕೂ ದುಃಖವಾಯಿತು.

ಬೀಗರಾಗುವವರು ಹಾಸಿಗೆ ಹಿಡಿದಿದ್ದಾರೆ ಎಂಬ ಸುದ್ದಿಯನ್ನು ತನುಜಾ ಬೇಕೆಂದೇ ನಿಟ್ಟೂರಿಗೆ ಮುಟ್ಟಿಸಿದಳು. ಬೆಳಗಾಗುವಷ್ಟರಲ್ಲಿ ಭೂತಪ್ಪ, ಯಮುನಮ್ಮ, ಶಿವರಾಮ ಮೂವರೂ ಬಂದಿಳಿದರು. ರಸ್ತೆ ಅಗೆದಿದ್ದರಿಂದ ಕಾರನ್ನು ಕೆಳಗೇ ನಿಲ್ಲಿಸಿ, ನಮ್ಮ ಏರುದಾರಿಯನ್ನು ಹತ್ತಿ ಬಂದರು. ಇಡೀ ಕೇರಿ ಬಾಗಿಲಲ್ಲಿ ನಿಂತು ಅವರ ಕಾಲನ್ನೇ ನೋಡುತ್ತಿತ್ತು. ಭೂತಪ್ಪನವರ ತಲೆಯ ಮೇಲೆ ಹಲಸಿನಹಣ್ಣು ಇತ್ತು. ಯಮುನಮ್ಮನ ಕೈಯಲ್ಲಿ ಕಷಾಯದ ಪುಡಿ, ಬಾಳೆಗೊನೆ. ಮೆಟ್ಟಿಲುಗಳನ್ನು ಅವರು ಒಂದು ಬಿಟ್ಟು ಒಂದು ಹತ್ತಿದರು. ನನ್ನ ಹೆಂಡತಿ, ನೋಡಿ ಗೋಡೆ ಹಿಡಿಯಲೇ ಇಲ್ಲ ಎಂದು ಯಾರೋ ಬೇರೆಯವರು ಹೇಳಿದ್ದನ್ನು ಖಂಡಿಸುವ ಹಾಗೆ ಹೇಳಿದಳು.

ಒಳಗೆ ಮಲಗಿದ್ದ ಶೇಷಪ್ಪನವರು ಬೀಗರು ನಡೆದು ಬರುವುದನ್ನು ಕಂಡು ಹಾಸಿಗೆಯಲ್ಲಿ ಎದ್ದು ಕುಳಿತರು. ಯಾವ ಔಷಧಿಯಿಂದ ವಾಸಿಯಾಯಿತು ಬೀಗರೆ ಎಂದು ಆಸೆಯಿಂದ ಕೇಳಿದರು. ಭೂತಪ್ಪನವರಿಗೆ ತಲೆ ಬುಡ ತಿಳಿಯಲಿಲ್ಲ. ತನುಜಾ ಮೊದಲ ವಿಡಿಯೋ ಹಾಕಿದಳು. ಭೂತಪ್ಪನವರು ತಾವು ಕುಂಟುವುದನ್ನು ಬಾಯಿ ತೆರೆದು ನೋಡಿದರು. ಯಮುನಮ್ಮ, ಅಯ್ಯೋ ನಮ್ಮ ಕೆಂಪಿಗೆ ಏನಾಯಿತು ಎಂದರು. ಶಿವರಾಮ ಮಾತ್ರ ಟಿ.ವಿ.ಯ ಹತ್ತಿರ ಹೋಗಿ, ರಿಮೋಟು ಇಸಿದುಕೊಂಡು, ಪ್ಲೇಯರಿನ ಸೆಟ್ಟಿಂಗ್ಸ್ ತೆರೆದ. ಸಾಫ್ಟ್‌ವೇರ್ ಎಂದಿದ್ದನ್ನು ನೋಡಿ ಯಾರು ಹೀಗೆ ಇಟ್ಟದ್ದು ಎಂದು ಕೇಳಿದ. ಎಲ್ಲರೂ ಹಾಸಿಗೆಯ ಕಡೆ ನೋಡಿದೆವು.

“ಮಾವ, ವಿಡಿಯೋ ಬಿಡ್ಸಕ್ಕೆ ಅಂತ್ಲೇ ಇದ್ರೊಳಗೆ ಬೇರೆ ಚಿಪ್ ಉಂಟು. ನೀವು ಅದನ್ನ ಕೂರ್ಸಿ, ಬೇರೆ ಎಲ್ಲ ಕೆಲ್ಸ ಮಾಡೋ ಚಿಪ್ಪಿನ ತಲೆ ಮೇಲೆ ಇದನ್ನೂ ಹೊರ್ಸಿದೀರಿ. ಮಕ್ಕಳ ಓಟ ತೆಗೆಯಕ್ಕೆ ಅಂತ ನನ್ ಫೋನಲ್ಲಿ ಸೆಕೆಂಡಿಗೆ ಅರವತ್ತು ಚಿತ್ರ ಬರೋ ಹಾಗೆ ಇಟ್ಟಿದೀನಿ, ತನುಜಾಂದಕ್ಕೂ ಹಾಗೇ ಮಾಡಿಕೊಟ್ಟೆ. ಹೊಸ ಫೋನಿನವ್ರೆಲ್ಲ ಇಡೋದು ಹಾಗೇ. ಅಷ್ಟು ಚಿತ್ರ ಬಿಡ್ಸಕ್ಕಾಗದೆ ಅದು ಸಿಕ್ಕಿದ್ದಷ್ಟು ತೋರ್ಸಿ, ಉಳಿದಿದ್ದು ಬಿಟ್ಟು ಮುಂದೆ ಹೋಗ್ತದೆ. ಚಾನೆಲ್ಲುಗಳು ಈ ಪ್ಲೇಯರಲ್ಲಿ ಬರಲ್ಲ, ಅದಕ್ಕೇ ಅವು ಸರಿ ಕಾಣ್ತವೆ.”

ಶೇಷಪ್ಪನವರು ಹಾಸಿಗೆಯಿಂದಲೇ ಟಿ.ವಿ.ಯನ್ನು ತಪಾಸಣೆಯ ಕಣ್ಣಿನಿಂದ ನೋಡಿದರು. ಮುಖದಲ್ಲಿ ನಿಧಾನವಾಗಿ ಬೆಳಕು ಮೂಡಿತು.

“ಅಂದ್ರೆ, ಟೈಮಿಗೆ ಮುಟ್ಟಬೇಕು ಅಂತ ಸ್ಟಾಪ್ ಕೊಡದೆ ಓಡ್ಸೋ ಡ್ರೈವರ್ ಕೇಸು ಇದು.”

ಅದೇ ಎಂದ ಶಿವರಾಮ. ಹಾರ್ಡ್‌ವೇರ್ ಎಂದು ಒತ್ತಿ ಮತ್ತೆ ವಿಡಿಯೋ ಹಾಕಿದ. ಭೂತಪ್ಪನವರ ಕಾಲು ಎದ್ದಿತು, ಇಳಿಯಿತು. ಯಮುನಮ್ಮನ ಕೊಡದಲ್ಲಿ ನೀರು ತುಳುಕಿದ್ದು ಸಹ ಕಂಡಿತು. ಕೆಂಪಿ ಮಹಾರಾಣಿಯ ಹಾಗೆ ಅಂಗಳಕ್ಕೆ ಇಳಿದಳು. ಕೋಳಿಗಳು ಸರಾಗವಾಗಿ ಓಡಿದವು. ಕೆರಿಯಮ್ಮ ಕಣ್ಣು ತುಂಬಿಕೊಂಡು ನೋಡಿ, ಆಗಬಹುದು ಎಂದರು. ಶೇಷಪ್ಪನವರು ಹಾಸಿಗೆಯಿಂದ ಜಿಗಿದು ಬಂದು ಬೀಗರ ಕೈ ಹಿಡಿದರು. ಹಲಸಿನಹಣ್ಣು ಕೊಯ್ದರು. ಹೊಸನಗರಕ್ಕೆ ಫೋನು ಮಾಡಿ ಶ್ರೀನಾಥನಿಗೂ ವಾಸಿಯಾಗಿದೆ ಎಂದು ತಿಳಿಸಲಾಯಿತು.

ಕತೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ತಪಾಸಣೆ ಮಾಡಿದವರ ಮನಸ್ಸು ಪೂರ್ತಿ ತಣ್ಣಗಾಗುವುದಿಲ್ಲ. ಮದುವೆಯ ಹಿಂದಿನ ವಾರ ಶೇಷಪ್ಪನವರು ಏನೋ ನೆಪ ಮಾಡಿ ನಿಟ್ಟೂರಿಗೆ ಹೋದರು. ಮನುಷ್ಯರ ಕಾಲಿನ ಅನುಮಾನ ಕಳೆದಿತ್ತು, ದನದ್ದು ಸ್ವಲ್ಪ ಉಳಿದಿತ್ತು. ಕೊಟ್ಟಿಗೆಗೆ ಹೋಗಿ, ಬಗ್ಗಿ, ಕೆಂಪಿಯ ಹಿಂಗಾಲಿನ ಗೆಣ್ಣನ್ನು ಹಿಡಿದು ಒತ್ತಿ ನೋಡಿದರು. ಹೊಗೆ ಬಿಟ್ಟ ದಿನದಿಂದ ಹೊರಗಿನವರ ಮೇಲೆ ಕೆಂಪಿಗೆ ಸಿಟ್ಟಿತ್ತು. ಭಾವಿ ಮಾವ ದನವನ್ನು ಮುದ್ದಿಸುತ್ತಿದ್ದಾರೆ ಎಂದುಕೊಂಡು ಶಿವರಾಮ ಅದನ್ನು ವಿಡಿಯೋ ಮಾಡುತ್ತಿದ್ದ.

ಆ ವಿಡಿಯೋವನ್ನು ಹಾರ್ಡ್‌ವೇರಿನಲ್ಲಿ ನೋಡಿದವರು ಪುಣ್ಯವಂತರು. ಕೆಂಪಿ ಕಿವಿ ಹಿಂದಕ್ಕೆ ಮಾಡಿದ್ದು, ಕಾಲು ಮಡಚಿದ್ದು, ಬೀಸಿದ್ದು, ಶೇಷಪ್ಪನವರ ಎರಡು ಕಾಲೂ ನೆಲ ಬಿಟ್ಟದ್ದು, ಕನ್ನಡಕ ಬೇರೆ ದಾರಿ ಹಿಡಿದದ್ದು, ಗೊಬ್ಬರದ ಗುಂಡಿಯಲ್ಲಿ ಅವರು ಕುಳಿತದ್ದು, ಎಲ್ಲವೂ ಎಣ್ಣೆ ಹೊಯ್ದಷ್ಟು ನುಣ್ಣಗೆ ಕಂಡಿತು. ಕೆರಿಯಮ್ಮ ಮತ್ತೆ ಮತ್ತೆ ಹಾಕಿಸಿ ನೋಡಿದರು. ನಮ್ಮ ಮನೆಯಲ್ಲಿ ಆ ವಾರ ತುರಿದಷ್ಟು ಕಾಯಿ ಯಾವ ಹಬ್ಬಕ್ಕೂ ತುರಿದಿಲ್ಲ.

ಮದುವೆಗೆ ನೆಂಟರು ತುಂಬಿದರು. ಶ್ರೀನಾಥನೂ ಬಂದ. ಬಂದವರಿಗೆಲ್ಲ ಮೊದಲು ಬೇಕಾದದ್ದು ಆ ವಿಡಿಯೋ. ಶೇಷಪ್ಪನವರು ತಾವೇ ಹಾಕುತ್ತೇನೆ ಎಂದು ರಿಮೋಟು ತೆಗೆದುಕೊಂಡು, ಎಲ್ಲರಿಗೂ ಬೆನ್ನು ಮಾಡಿ ನಿಂತು, ಸೆಟ್ಟಿಂಗ್ಸಿನಲ್ಲಿ ಏನೋ ಒತ್ತಿದರು. ನನಗೆ ಕಂಡಿತು. ಸುಮ್ಮನಿದ್ದೆ.

ವಿಡಿಯೋ ಬಂತು. ಶೇಷಪ್ಪನವರು ದನದ ಪಕ್ಕದಲ್ಲಿ ಬಗ್ಗಿದರು. ಚಿತ್ರ ತಡೆಯಿತು. ಮತ್ತೆ ಕದಲಿದಾಗ ಅವರು ಗೊಬ್ಬರದ ಗುಂಡಿಯಲ್ಲಿ ಶಾಂತವಾಗಿ ಕುಳಿತಿದ್ದರು. ಕೆಂಪಿ ಹುಲ್ಲು ಮೇಯುತ್ತಿದ್ದಳು. ಒದೆ ಎಂಬುದು ಎಲ್ಲೂ ಇರಲಿಲ್ಲ. ನೆಂಟರೆಲ್ಲ ಇಷ್ಟೇನಾ ಎಂದು ಪೆಚ್ಚಾದರು.

“ನೋಡಿದ್ರಲ್ಲ,” ಎಂದರು ಶೇಷಪ್ಪನವರು, ಕುರ್ಚಿಯಲ್ಲಿ ಕುಳಿತು ಮೀಸೆ ತೀಡುತ್ತಾ. “ದನ ಒದ್ದಿದೆ ಅಂತ ಸುಮ್ನೆ ಹಬ್ಸಿದಾರೆ. ದಣಿವಾಯ್ತು, ನಾನೇ ಕೂತ್ಕಂಡೆ. ಒದ್ದಿದ್ರೆ ಟಿ.ವಿ.ಯಲ್ಲಿ ಕಾಣ್ತಿರ್ಲಿಲ್ವಾ?”

ತನುಜಾ, ಶಿವರಾಮ ಮುಖ ಮುಖ ನೋಡಿಕೊಂಡು ನಗು ನುಂಗಿದರು. ಮೂಲೆಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತಿದ್ದ ಕೆರಿಯಮ್ಮ ತಲೆ ಎತ್ತಿದರು.

“ಟಿ.ವಿ. ಇರ್ಲಿ ಮಗ. ನೀ ಎದ್ದು ಬಾಗಿಲ ತನಕ ಒಂದ್ ಸಲ ನಡಿ ನೋಡಾಣ.”

ಮನೆ ತುಂಬ ನೆಂಟರು. ತಾಯಿಯ ಮಾತು ಮೀರುವ ಹಾಗಿಲ್ಲ. ಶೇಷಪ್ಪನವರು ಕುರ್ಚಿಯ ಕೈ ಹಿಡಿದು ಎದ್ದರು. ಬಲಗಾಲು ಇಟ್ಟರು. ಎಡಗಾಲು ಎತ್ತಿದರು, ತಡೆದರು, ಹಲ್ಲು ಕಚ್ಚಿ ಕುಪ್ಪಳಿಸಿದರು. ಬಾಗಿಲವರೆಗೂ ಹಾಗೇ ಹೋದರು. ಅಲ್ಲಿ ಚೌಕಟ್ಟು ಹಿಡಿದು ನಿಂತು, ಹಿಂತಿರುಗಿ, ನಗಲು ಕಾಯುತ್ತಿದ್ದ ಅಷ್ಟೂ ಮುಖಗಳನ್ನು ಒಮ್ಮೆ ತಪಾಸಣೆ ಮಾಡಿ, ಎಲ್ಲರಿಗಿಂತ ಮೊದಲು ತಾವೇ ನಕ್ಕುಬಿಟ್ಟರು.